ಮಾತ್ರೆ ನಡೆಯುತ್ತಿದ್ದರೂ ಪೋನಿ ಕುಂಟುತ್ತಿದ್ದರೆ: ಕುಶಿಂಗ್ಸ್ ಮತ್ತು ಇನ್ಸುಲಿನ್ ಪ್ರತಿರೋಧ ಜೊತೆಗಿರುವಾಗ ದೋಷ ಹುಡುಕುವ ಬಗೆ

ಏಪ್ರಿಲ್ ಕೊನೆಯ ವಾರ, ಬೆಳಿಗ್ಗೆ ಆರೂವರೆ. ಲಾಯದ ಬಾಗಿಲು ತೆಗೆದ ಸದ್ದಿಗೇ ಎದ್ದು ಬರುವ ನಮ್ಮ ಪೋನಿ (ಗಿಡ್ಡ ತಳಿಯ ಕುದುರೆ) ಸೆರೆನ್ ಅವತ್ತು ನಿಂತ ಜಾಗ ಬಿಟ್ಟು ಕದಲಲಿಲ್ಲ. ಮುಂಗಾಲೆರಡನ್ನೂ ಮುಂದಕ್ಕೆ ಚಾಚಿ, ಮೈಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿಕೊಂಡು ನಿಂತಿದ್ದಳು. ಹಿಂದಿನ ವಾರವಷ್ಟೇ ರಕ್ತಪರೀಕ್ಷೆಯ ವರದಿ ಬಂದಿತ್ತು. ಕುಶಿಂಗ್ಸ್ ಕಾಯಿಲೆಯಲ್ಲಿ ಏರುವ ಎಸಿಟಿಎಚ್ ಎಂಬ ಹಾರ್ಮೋನು ಮಿತಿಯೊಳಗಿದೆ, ಮಾತ್ರೆ ಹಿಡಿದಿದೆ ಎಂದು ಅದರಲ್ಲಿತ್ತು. ನವೆಂಬರ್‌ನಿಂದ ಒಂದು ದಿನವೂ ತಪ್ಪಿಸದೆ ಮಾತ್ರೆ ಕೊಟ್ಟಿದ್ದೆವು. ಆದರೂ ಗೊರಸು ಮುಟ್ಟಿದರೆ ಕೈಗೆ ಬಿಸಿ ತಾಗುತ್ತಿತ್ತು.

ನಾವು ಹಾಸನದ ಕಡೆಯವರು. ಈಗ ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿ, ವೇಲ್ಸ್ ಗಡಿಗೆ ಹತ್ತಿರದ ಊರಿನಲ್ಲಿ ಇದ್ದೇವೆ. ಮಗಳಿಗೆಂದು ತಂದ ಸೆರೆನ್ ಸೆಕ್ಷನ್ ಎ, ಅಂದರೆ ಅತಿ ಗಿಡ್ಡ ಬಗೆಯ ವೆಲ್ಷ್ ಪೋನಿ, ಹತ್ತೊಂಬತ್ತು ವರ್ಷದ ಬೂದು ಬಣ್ಣದ ಹೆಣ್ಣು. ಸೆರೆನ್ ಎಂದರೆ ವೆಲ್ಷ್ ಭಾಷೆಯಲ್ಲಿ ನಕ್ಷತ್ರ. ನಮ್ಮಮ್ಮ ಅವಳನ್ನು ಚುಕ್ಕಿ ಎಂದೇ ಕರೆಯುತ್ತಾರೆ. ಈ ಬರಹವೆಲ್ಲ ಒಂದೇ ದೂರಿನ ಸುತ್ತ: ಕುಶಿಂಗ್ಸ್‌ಗೆ ಔಷಧಿ ನಡೆಯುತ್ತಿದೆ, ವರದಿ ಚೆನ್ನಾಗಿದೆ, ಪೋನಿ ಮಾತ್ರ ಚೆನ್ನಾಗಿಲ್ಲ. ಹಾಗಾದರೆ ತಪ್ಪು ಎಲ್ಲಿದೆ? ನಾನು ಹುಡುಕಿದ ಕ್ರಮವನ್ನೂ, ಮೊದಲೇ ಹಿಡಿಯಬೇಕಾಗಿದ್ದ ಕ್ರಮವನ್ನೂ ಇಲ್ಲಿ ಬರೆದಿದ್ದೇನೆ. ಪಶುವೈದ್ಯರ ಜೊತೆ ಕೂತು ಮಾಡಬೇಕಾದ ಕೆಲಸ ಇದು. ಔಷಧಿಯ ಪ್ರಮಾಣವನ್ನು ಓದಿಕೊಂಡು ನೀವೇ ಬದಲಾಯಿಸಬೇಡಿ.

ಮೊದಲು ಪಾದ ಮುಟ್ಟಿ ನೋಡಿ

ಬೇರೆ ಯಾವ ಪ್ರಶ್ನೆಗೂ ಮೊದಲು ಇದನ್ನು ತೀರ್ಮಾನಿಸಿಕೊಳ್ಳಿ: ಈಗ, ಈ ಗಳಿಗೆಯಲ್ಲಿ ಲ್ಯಾಮಿನೈಟಿಸ್ ಇದೆಯೇ? ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಟ್ಟಿರುವ ಪದರ ನೊಂದು ಸಡಿಲವಾಗುವುದೇ ಲ್ಯಾಮಿನೈಟಿಸ್. ಹಿಡಿತ ಬಿಟ್ಟುಹೋದರೆ ಮೂಳೆ ಒಳಗೇ ತಿರುಗುತ್ತದೆ ಅಥವಾ ಕೆಳಕ್ಕೆ ಕುಸಿಯುತ್ತದೆ. ಪೋನಿಯನ್ನು ಕಳೆದುಕೊಳ್ಳುವ ದಾರಿ ಬಹುಮಟ್ಟಿಗೆ ಇದೇ.

ನಾಡಿ ನೋಡುವುದನ್ನು ಪೋನಿ ಆರೋಗ್ಯವಾಗಿರುವಾಗಲೇ ಕಲಿತಿರಬೇಕು. ಗೊರಸಿನ ಮೇಲಿರುವ ಗೆಣ್ಣಿನ ಹಿಂಬದಿಯಲ್ಲಿ, ಎರಡೂ ಪಕ್ಕ, ಪೆನ್ಸಿಲ್ ದಪ್ಪದ ಹುರಿಯಂಥದ್ದು ಬೆರಳಿಗೆ ಸಿಗುತ್ತದೆ. ಅದರ ಮೇಲೆ ಎರಡು ಬೆರಳನ್ನು ಹಗುರವಾಗಿ ಇಟ್ಟು ಕಾಯಿರಿ. ಆರೋಗ್ಯವಾಗಿರುವ ಪೋನಿಯಲ್ಲಿ ನಾಡಿಯನ್ನು ಹುಡುಕಬೇಕಾಗುತ್ತದೆ, ಕೆಲವು ಸಲ ಸಿಗುವುದೇ ಇಲ್ಲ. ಅವತ್ತು ಸೆರೆನ್‌ಳ ನಾಡಿ ಹುಡುಕುವ ಕೆಲಸವೇ ಇರಲಿಲ್ಲ. ಬೆರಳಿಟ್ಟ ಕೂಡಲೇ ಬಾಗಿಲು ಬಡಿದ ಹಾಗೆ ಬಡಿಯುತ್ತಿತ್ತು, ಎರಡು ಮುಂಗಾಲಲ್ಲೂ.

ಹೀಗೆ ಕಂಡರೆ ವೈದ್ಯರಿಗೆ ಫೋನ್ ಮಾಡಿ. ಅವರು ಬರುವ ತನಕ ನಡೆಸಬೇಡಿ. ನಡೆಸಿದರೆ ರಕ್ತ ಹರಿದು ಸರಿಹೋಗುತ್ತದೆ ಎಂದು ಹಳಬರು ಹೇಳುವುದುಂಟು, ಆದರೆ ಸಡಿಲವಾದ ಪದರ ಅದರಿಂದ ಇನ್ನಷ್ಟು ಕಿತ್ತುಬರುತ್ತದೆ. ಹಸಿರು ಹುಲ್ಲಿನಿಂದ ಆಚೆ ತಂದು, ಮರದ ಹೊಟ್ಟನ್ನು ಒಂದು ಗೇಣಿಗೂ ಹೆಚ್ಚು ದಪ್ಪಕ್ಕೆ, ಬಾಗಿಲ ಅಂಚಿನ ತನಕ ಹಾಸಿ. ಪಾದಕ್ಕೆ ಮಂಜುಗಡ್ಡೆ ಇಡಬೇಕೇ, ಎಷ್ಟು ಹೊತ್ತು ಇಡಬೇಕು ಎಂಬುದನ್ನು ಫೋನಿನಲ್ಲೇ ಕೇಳಿ, ಮೊದಲ ಗಂಟೆಗಳಲ್ಲಿ ಅದಕ್ಕೆ ಬೆಲೆ ಇದೆ. ಉಪವಾಸ ಮಾತ್ರ ಕೆಡವಬೇಡಿ. ದಪ್ಪ ಮೈಯ ಪೋನಿ ಹೊಟ್ಟೆಗಿಲ್ಲದೆ ಇದ್ದರೆ ಮೈಕೊಬ್ಬು ಒಮ್ಮೆಲೇ ಕರಗಿ ರಕ್ತಕ್ಕೆ ಇಳಿದು, ಹೈಪರ್‌ಲಿಪೀಮಿಯಾ ಆಗಿ ಪಿತ್ತಜನಕಾಂಗ ಕೆಡುತ್ತದೆ. ಅದು ಜೀವಕ್ಕೇ ಅಪಾಯ.

ಒಂದೇ ಮೈಯಲ್ಲಿ ಎರಡು ಕಾಯಿಲೆ

ಕುಶಿಂಗ್ಸ್ ಎಂದು ನಾವು ಕರೆಯುವುದನ್ನು ಪಶುವೈದ್ಯರು ಈಗ ಪಿಪಿಐಡಿ ಎನ್ನುತ್ತಾರೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಮಧ್ಯದ ಪದರವನ್ನು ಡೋಪಮಿನ್ ಎಂಬ ರಾಸಾಯನಿಕ ಸದಾ ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ವಯಸ್ಸಾಗುತ್ತ ಡೋಪಮಿನ್ ಒದಗಿಸುವ ನರಗಳು ಸವೆದಾಗ ಆ ಪದರಕ್ಕೆ ಕಡಿವಾಣ ಇಲ್ಲದಂತಾಗಿ, ಅದು ದಪ್ಪಗಾಗಿ, ಎಸಿಟಿಎಚ್ ಮತ್ತು ಅದರ ಜೊತೆಗಾರ ಹಾರ್ಮೋನುಗಳನ್ನು ಬೇಕಾಬಿಟ್ಟಿ ಸುರಿಯುತ್ತದೆ. ಹದಿನೈದು ದಾಟಿದ ಕುದುರೆ ಮತ್ತು ಪೋನಿಗಳಲ್ಲಿ ಸುಮಾರು ಐದಕ್ಕೆ ಒಂದರಲ್ಲಿ ಇದು ಇರುತ್ತದೆ. ಔಷಧಿ ಪರ್ಗೊಲೈಡ್, ಇಲ್ಲಿ ಪ್ರಾಸೆಂಡ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಡೋಪಮಿನ್ ಮಾಡಬೇಕಾದ ಕೆಲಸವನ್ನು ಅದು ಮಾಡುತ್ತದೆ. ಮೊದಲು ಇದನ್ನು ಮನುಷ್ಯರ ಪಾರ್ಕಿನ್ಸನ್ ಕಾಯಿಲೆಗೆ ಕೊಡುತ್ತಿದ್ದರು. ಹೃದಯದ ಕವಾಟಕ್ಕೆ ಹಾನಿಯಾಗುವುದು ಗೊತ್ತಾಗಿ 2007ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ಹಿಂತೆಗೆದರು. ಕುದುರೆಗಳಿಗೆ ಮಾತ್ರ ಅದೇ ಆಸರೆಯಾಗಿ ಉಳಿಯಿತು.

ಇನ್ಸುಲಿನ್ ಪ್ರತಿರೋಧದ ದಾರಿ ಬೇರೆ. ತಿಂದ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸಲು ಮೈ ಇನ್ಸುಲಿನ್ ಬಿಡುತ್ತದೆ. ಜೀವಕೋಶಗಳು ಕಿವಿಗೊಡದೆ ಹೋದಾಗ ಇನ್ನಷ್ಟು, ಮತ್ತಷ್ಟು ಬಿಡುತ್ತದೆ. ವೆಲ್ಷ್, ಶೆಟ್‌ಲ್ಯಾಂಡ್ ಪೋನಿಗಳ ಹಿರಿಯರು ಬಡ ಗುಡ್ಡಗಳ ಒರಟು ಹುಲ್ಲು ತಿಂದು, ಚಳಿಗಾಲದಲ್ಲಿ ಅರೆಹೊಟ್ಟೆಯಲ್ಲಿ ಬದುಕಿದವು. ಹಾಲಿನ ಹಸುಗಳಿಗೆಂದು ಬೆಳೆಸಿದ ಸಿಹಿಯಾದ ರೈಗ್ರಾಸ್ ಮೇವಿನಲ್ಲಿ ಅದೇ ತಳಿಯನ್ನು ಬಿಟ್ಟರೆ ಈ ಕಾಯಿಲೆ ಕಾದು ಕೂತಿರುತ್ತದೆ.

ನಿಜವಾಗಿ ಪಾದ ಕೆಡಿಸುವುದು ಈ ಎರಡನೆಯದು. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ ಯಾವ ಕಾಯಿಲೆಯೂ ಇಲ್ಲದ ಪೋನಿಗಳಿಗೆ ಇನ್ಸುಲಿನ್ ಹರಿಸಿ, ರಕ್ತದ ಸಕ್ಕರೆ ಏರುಪೇರಾಗದಂತೆ ನೋಡಿಕೊಂಡರು. 72 ಗಂಟೆಯೊಳಗೆ ಆ ಪೋನಿಗಳಿಗೆಲ್ಲ ಲ್ಯಾಮಿನೈಟಿಸ್ ಬಂತು. ರಕ್ತದಲ್ಲಿ ಇನ್ಸುಲಿನ್ ಏರಿ ನಿಂತರೆ ಅಷ್ಟೇ ಸಾಕು, ಗೊರಸು ಕೆಡುತ್ತದೆ.

ಪಿಪಿಐಡಿ ಇರುವ ಎಲ್ಲ ಪೋನಿಗಳಲ್ಲೂ ಇನ್ಸುಲಿನ್ ಏರಿರುವುದಿಲ್ಲ, ಕೆಲವದರಲ್ಲಿ ಏರಿರುತ್ತದೆ. ಮಾತ್ರೆಯಿಂದ ಎಸಿಟಿಎಚ್ ಇಳಿಯಿತು ಎಂದಮಾತ್ರಕ್ಕೆ ಇನ್ಸುಲಿನ್ ಇಳಿಯಬೇಕೆಂದಿಲ್ಲ. ನಮ್ಮ ದೋಷ ಅಡಗಿದ್ದದ್ದು ಇಲ್ಲೇ. ಎರಡು ಬೀಗ ಇರುವ ಬಾಗಿಲಿಗೆ ನಾವು ಒಂದೇ ಕೀಲಿ ಹಾಕಿದ್ದೆವು.

ಗ್ಲುಕೋಮೀಟರ್ ಕೊಟ್ಟ ಸಮಾಧಾನ

ಅಕ್ಟೋಬರ್‌ನಲ್ಲಿ ವೈದ್ಯರು ಎಸಿಟಿಎಚ್ ಜೊತೆಗೆ ಇನ್ಸುಲಿನ್ನನ್ನೂ ನೋಡೋಣವೇ ಎಂದು ಕೇಳಿದ್ದರು. ಆಗ ಅಮ್ಮ ಊರಿಂದ ಬಂದಿದ್ದರು. ಅವರಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಗ್ಲುಕೋಮೀಟರ್ ಸದಾ ಕೈಚೀಲದಲ್ಲೇ ಇರುತ್ತದೆ. "ಒಂದ್ ತೊಟ್ಟು ರಕ್ತ ಸಾಕು ಪುಟ್ಟಾ, ಇದ್ರಲ್ಲೇ ನೋಡ್ಬಿಡು" ಎಂದರು. ವೈದ್ಯರು ತೆಗೆದ ರಕ್ತದ ಒಂದು ಹನಿಯನ್ನು ಪಟ್ಟಿಗೆ ಹಾಕಿದೆವು. 94 ಬಂತು. ಅಮ್ಮನಿಗೆ ಖುಷಿಯೋ ಖುಷಿ. "ನನಗಿಂತ ಚುಕ್ಕೀದೇ ವಾಸಿ" ಎಂದರು. ಸಕ್ಕರೆ ಇಷ್ಟು ಚೆನ್ನಾಗಿರುವಾಗ ಇನ್ಸುಲಿನ್ ಪರೀಕ್ಷೆ ಈಗ ಬೇಡ ಎಂದು ನಾನೇ ಹೇಳಿದೆ.

ಮನುಷ್ಯರ ಸಕ್ಕರೆ ಕಾಯಿಲೆಯನ್ನು ಮನೆಯಲ್ಲಿ ನೋಡಿ ಬೆಳೆದ ಯಾರಿಗಾದರೂ ಬರುವ ಯೋಚನೆಯೇ ಇದು, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಪೋನಿಯ ಮೇದೋಜೀರಕ ಸುಲಭಕ್ಕೆ ಸೋಲುವುದಿಲ್ಲ. ಹತ್ತು ಪಟ್ಟು ಇನ್ಸುಲಿನ್ ಸುರಿದಾದರೂ ಸಕ್ಕರೆಯನ್ನು ಅದರ ಮಟ್ಟದಲ್ಲೇ ಇಡುತ್ತದೆ. ಮೀಟರಿನಲ್ಲಿ 94 ಕಂಡಾಗ ಒಳಗೆ ಇನ್ಸುಲಿನ್ (ಮಿಲಿಲೀಟರಿಗೆ ಇಷ್ಟು ಮೈಕ್ರೋಯೂನಿಟ್ ಎಂಬ ಲೆಕ್ಕದಲ್ಲಿ) 20 ಇದೆಯೋ 200 ಇದೆಯೋ ಯಾರಿಗೂ ತಿಳಿಯುವುದಿಲ್ಲ. ಜೊತೆಗೆ, ಆ ಮೀಟರನ್ನು ಕುದುರೆಯ ರಕ್ತಕ್ಕೆ ಹೊಂದಿಸಿಯೂ ಇರುವುದಿಲ್ಲ. ಸಕ್ಕರೆ ಸರಿಯಿದ್ದರೆ ಅದರಿಂದ ಏನೂ ತೀರ್ಮಾನವಾಗದು, ಇನ್ಸುಲಿನ್ನನ್ನೇ ಅಳೆಯಬೇಕು.

ಏಪ್ರಿಲ್‌ನಲ್ಲಿ ಅಳೆದಾಗ ಸೆರೆನ್‌ಳದ್ದು 140 ಇತ್ತು. ನೋವಿನಿಂದಲೂ ಏರಬಹುದು ಎಂದು, ನೋವು ಇಳಿದ ಹತ್ತು ದಿನದ ಮೇಲೆ ಮತ್ತೆ ನೋಡಿದರು. 118. ಒಣಹುಲ್ಲು ತಿನ್ನುತ್ತಿರುವ ಪೋನಿಯಲ್ಲಿ 20ರ ಮೇಲಿದ್ದರೆ ಅನುಮಾನ, 50 ದಾಟಿದರೆ ಅನುಮಾನಕ್ಕೆ ಜಾಗವಿಲ್ಲ.

ಯಾವ ಲಕ್ಷಣ ಯಾವುದರದ್ದು

ಜೂನ್ ಬಂದರೂ ಉದುರದ ಉದ್ದನೆಯ ಗುಂಗುರು ಕೂದಲು ಪಿಪಿಐಡಿಯ ಗುರುತು. ಇಷ್ಟು ಸ್ಪಷ್ಟವಾದ ಗುರುತು ಇನ್ನೊಂದಿಲ್ಲ. ಆದರೆ ಅದು ತಡವಾಗಿ ಬರುತ್ತದೆ. ಅದಕ್ಕೂ ಮೊದಲು ದವಡೆಯ ಕೆಳಗೆ, ಕಾಲಿನ ಹಿಂಬದಿಯಲ್ಲಿ ಅಲ್ಲಲ್ಲಿ ಉದ್ದ ಕೂದಲು ಉಳಿಯುವುದು, ಕೂದಲುದುರುವುದು ಮೂರು ನಾಲ್ಕು ವಾರ ತಡವಾಗುವುದು ಕಾಣುತ್ತದೆ. ಬೆನ್ನಿನ ಸ್ನಾಯು ಇಳಿದು ಬೆನ್ನುಮೂಳೆ ಎದ್ದು ಕಾಣುವುದು, ಹೊಟ್ಟೆ ಜೋಲುವುದು, ಹೆಚ್ಚು ನೀರು ಕುಡಿದು ಲಾಯವೆಲ್ಲ ಒದ್ದೆಯಾಗುವುದು, ಸುಮ್ಮನೆ ನಿಂತಲ್ಲೇ ಬೆವರುವುದು, ಸಣ್ಣ ಗಾಯ ವಾರಗಟ್ಟಲೆ ಮಾಯದಿರುವುದು, ಪದೇಪದೇ ಗೊರಸಿನಲ್ಲಿ ಕೀವು, ಹೊಟ್ಟೆಯ ಹುಳ ಹೆಚ್ಚುವುದು: ಇವೂ ಪಿಪಿಐಡಿಯ ಕಡೆಯವೇ. ನಮ್ಮವಳಲ್ಲಿ ಎಲ್ಲಕ್ಕಿಂತ ಮೊದಲು ಬದಲಾದದ್ದು ಸ್ವಭಾವ. ತುಂಟಿಯಾಗಿದ್ದವಳು ಸಾಧುವಾದಳು. ವಯಸ್ಸಾಯಿತು ಅಂದುಕೊಂಡೆವು.

ಇನ್ಸುಲಿನ್ ಕಡೆಯ ಗುರುತು ಕೊಬ್ಬು ಕೂರುವ ಜಾಗಗಳು. ಕುತ್ತಿಗೆಯ ಮೇಲಂಚನ್ನು ಕೈಯಲ್ಲಿ ಹಿಡಿದು ಅತ್ತಿತ್ತ ಬಾಗಿಸಿ ನೋಡಿ. ಮೆತ್ತಗೆ ಬಾಗಿದರೆ ಸರಿ. ಮರದ ಹಾಗೆ ಬಿಗಿಯಾಗಿದ್ದರೆ ಇನ್ಸುಲಿನ್ ಏರಿರುವ ಸಂಭವ ಹೆಚ್ಚು. ಬಾಲದ ಬುಡ, ಹೆಗಲ ಹಿಂದೆ, ಹೆಣ್ಣಿನಲ್ಲಿ ಕೆಚ್ಚಲ ಮುಂದೆ ಗಂಟುಗಂಟಾದ ಕೊಬ್ಬು ಸಿಗುತ್ತದೆ. ಕಣ್ಣಿನ ಮೇಲಿನ ಕುಳಿ ತುಂಬಿ ಉಬ್ಬಿದ್ದರೆ ಎರಡರಲ್ಲಿ ಯಾವುದೂ ಇರಬಹುದು.

ಗೊರಸು ಹಳೆಯದನ್ನೆಲ್ಲ ಬರೆದಿಟ್ಟುಕೊಂಡಿರುತ್ತದೆ. ಗೋಡೆಯ ಮೇಲಿನ ಉಂಗುರಗಳು ಮುಂದೆ ಒತ್ತಾಗಿ, ಹಿಮ್ಮಡಿಯ ಕಡೆ ಅಗಲವಾಗಿದ್ದರೆ ಹಿಂದೆ ಲ್ಯಾಮಿನೈಟಿಸ್ ಬಂದು ಹೋಗಿದೆ ಎಂದು ಅರ್ಥ. ಲಾಳದವರು ಅಂಗಾಲು ಕೆತ್ತುವಾಗ ಪಕ್ಕದಲ್ಲೇ ನಿಂತು ನೋಡಿ. ಅಂಚಿನ ಬಿಳಿಗೆರೆ ಅಗಲವಾಗಿದ್ದು, ಅದರಲ್ಲಿ ಒಣಗಿದ ರಕ್ತದ ಕೆಂಪು ಕಲೆ ಕಂಡರೆ ಅವತ್ತೇ ಇನ್ಸುಲಿನ್ ಪರೀಕ್ಷೆಗೆ ಹೇಳಿ. ಸೆರೆನ್‌ಳ ಗೊರಸಿನಲ್ಲಿ ಆ ಕಲೆ ಫೆಬ್ರವರಿಯಲ್ಲೇ ಇತ್ತು. ಲಾಳದವರು ತೋರಿಸಿಯೂ ಇದ್ದರು. ಗಟ್ಟಿ ನೆಲದ ಪೆಟ್ಟಿರಬೇಕು ಎಂದು ನಾನು ಬಿಟ್ಟುಬಿಟ್ಟೆ.

ರಕ್ತ ತೆಗೆಸುವಾಗ

ಪೋನಿಯ ಎಸಿಟಿಎಚ್ ವರ್ಷವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಹಗಲು ಕಿರಿದಾಗುತ್ತ ಬಂದಂತೆ, ಇಲ್ಲಿ ಆಗಸ್ಟ್‌ನಿಂದ ಅಕ್ಟೋಬರ್ ತನಕ, ಆರೋಗ್ಯವಾಗಿರುವ ಪೋನಿಯಲ್ಲೂ ಏರುತ್ತದೆ. ಕಾಯಿಲೆ ಇರುವ ಪೋನಿಯಲ್ಲಿ ಬಹಳ ಏರುತ್ತದೆ. ಹಾಗಾಗಿ ಸಂಖ್ಯೆಯನ್ನು ಆ ಕಾಲಕ್ಕೆ ಲ್ಯಾಬ್ ಕೊಡುವ ಮಿತಿಯ ಜೊತೆಯೇ ಓದಬೇಕು. ಸೆಪ್ಟೆಂಬರ್‌ನ ವರದಿಯನ್ನು ಮಾರ್ಚ್‌ನದರ ಪಕ್ಕ ಇಟ್ಟು ಕಾಯಿಲೆ ಹೆಚ್ಚಾಯಿತು ಎಂದು ಗಾಬರಿಯಾಗಬೇಡಿ. ಅಕ್ಷಾಂಶ ಬದಲಾದರೆ ಈ ಏರಿಳಿತವೂ ಬದಲಾಗುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಮುದಿ ಪೋನಿ ಸಾಕಿರುವವರು ಇಂಗ್ಲೆಂಡಿನ ಮಿತಿಯನ್ನು ಹಾಗೇ ಎತ್ತಿ ಹಾಕಿಕೊಳ್ಳುವಂತಿಲ್ಲ.

ರಕ್ತವನ್ನು ಇಡಿಟಿಎ ನಳಿಕೆಗೆ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ನಳಿಕೆ) ತೆಗೆದು ತಣ್ಣಗೇ ಇಡಬೇಕು, ಬೇಗ ಪ್ಲಾಸ್ಮಾ, ಅಂದರೆ ರಕ್ತದ ತಿಳಿ ದ್ರವ, ಬೇರೆ ಮಾಡಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಅರ್ಧ ದಿನ ಕಳೆದ ನಳಿಕೆ ಹೇಳುವ ಸಂಖ್ಯೆಯನ್ನು ನಂಬುವಂತಿಲ್ಲ. ಜೋರು ನೋವು, ಬೇರೆ ಕಾಯಿಲೆ, ದೂರದ ಪ್ರಯಾಣ, ಗಾಬರಿ ಇವೆಲ್ಲ ಎಸಿಟಿಎಚ್ ಏರಿಸುತ್ತವೆ. ಸಂಖ್ಯೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ನಡುವೆ ನಿಂತರೆ ಟಿಆರ್‌ಎಚ್ ಪರೀಕ್ಷೆ ಇದೆ. ಪಿಟ್ಯುಟರಿಯನ್ನು ಕೆರಳಿಸುವ ಆ ಹೆಸರಿನ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು ಸರಿಯಾಗಿ 10 ನಿಮಿಷಕ್ಕೆ ರಕ್ತ ತೆಗೆಯುತ್ತಾರೆ. ಶರತ್ಕಾಲದಲ್ಲಿ ಆ ಪರೀಕ್ಷೆಯ ಉತ್ತರ ನೆಚ್ಚುವಂತಿರುವುದಿಲ್ಲ. ವರ್ಷದ ಮೊದಲ ಅರ್ಧ ಅದಕ್ಕೆ ಸರಿಯಾದ ಸಮಯ.

ಇನ್ಸುಲಿನ್‌ಗೆ ರಕ್ತ ಕೊಡುವ ಬೆಳಿಗ್ಗೆ ಎಂದಿನ ಒಣಹುಲ್ಲು ತಿಂದಿರಲಿ, ಕಾಳು ತಿಂಡಿ ಬೇಡ. ಖಾಲಿ ಹೊಟ್ಟೆಯಲ್ಲಿ ತೆಗೆದರೆ ಕಾಯಿಲೆ ಇದ್ದರೂ ಸಂಖ್ಯೆ ಚೆನ್ನಾಗಿ ಬಂದುಬಿಡಬಹುದು. ಒಣಹುಲ್ಲು ತಿಂದ ಮೇಲೆ ತೆಗೆದದ್ದು ಸರಿಯಿದ್ದೂ ಅನುಮಾನ ಉಳಿದರೆ ಸಿರಪ್ ಪರೀಕ್ಷೆ: ಜೋಳದ ಸಿರಪ್ಪನ್ನು ಕಿಲೋಗೆ 0.45 ಮಿಲಿಯ ಲೆಕ್ಕದಲ್ಲಿ ಬಾಯಿಗೆ ಹಾಕಿ, 60ರಿಂದ 90 ನಿಮಿಷದೊಳಗೆ ರಕ್ತ ತೆಗೆಯುತ್ತಾರೆ. ಪಾದ ಉರಿಯುತ್ತಿರುವಾಗ ಇದನ್ನು ಮಾಡಿಸಬಾರದು.

ಎಸಿಟಿಎಚ್ ಇಳಿಯುತ್ತಲೇ ಇಲ್ಲವೆಂದರೆ

ಪ್ರಮಾಣ ಸಾಲದು ಎನ್ನುವ ಮೊದಲು ಬಕೆಟ್ ನೋಡಿ. ಜನವರಿಯ ಪರೀಕ್ಷೆಯಲ್ಲಿ ಸೆರೆನ್‌ಳ ಎಸಿಟಿಎಚ್ ಅಲುಗಿರಲಿಲ್ಲ. ಲಾಯ ತೊಳೆಯುವಾಗ ಮೇವಿನ ತೊಟ್ಟಿಯ ಹಿಂದೆ, ಹೊಟ್ಟಿನೊಳಗೆ, ಗುಲಾಬಿ ಬಣ್ಣದ ಅರ್ಧ ಮಾತ್ರೆಗಳು ಒಂಬತ್ತು ಸಿಕ್ಕವು. ತಿಂಡಿಯನ್ನೆಲ್ಲ ತಿಂದು, ಮಾತ್ರೆಯನ್ನು ತುಟಿಯಲ್ಲೇ ಬೇರೆ ಮಾಡಿ ಉಗುಳುತ್ತಿದ್ದಳು. ಅಲ್ಲಿಂದ ಸೌತೆಕಾಯಿಯ ತುಂಡನ್ನು ಸೀಳಿ, ಮಾತ್ರೆಯನ್ನು ಒಳಗೆ ಒತ್ತಿ, ಅಂಗೈಯಿಂದಲೇ ತಿನ್ನಿಸುತ್ತೇವೆ. ನುಂಗಿದ್ದನ್ನು ನೋಡಿದ ಮೇಲೇ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು. ಏಪ್ರಿಲ್‌ನಲ್ಲಿ ಸಂಖ್ಯೆ ಇಳಿದದ್ದು ಅದರಿಂದಲೇ.

ಮಾತ್ರೆಯನ್ನು ಪುಡಿ ಮಾಡಬಾರದು, ಪುಡಿ ನಮ್ಮ ಕಣ್ಣು ಮೂಗಿಗೆ ಹೋದರೆ ತೊಂದರೆ. ಬಸುರಿ, ಬಾಣಂತಿಯರು ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಸಾಮಾನ್ಯವಾಗಿ ಶುರು ಮಾಡುವ ಪ್ರಮಾಣ ಕಿಲೋ ತೂಕಕ್ಕೆ 2 ಮೈಕ್ರೋಗ್ರಾಂ. 230 ಕಿಲೋ ಪೋನಿಗೆ 1 ಮಿಲಿಗ್ರಾಂ ಮಾತ್ರೆಯಲ್ಲಿ ಅರ್ಧ ಎಂದಾಯಿತು. ನಿಜವಾಗಿ ಹೊಟ್ಟೆಗೆ ಹೋಗುತ್ತಿದ್ದೂ ತಿಂಗಳೆರಡು ತಿಂಗಳಲ್ಲಿ ಇಳಿಯದಿದ್ದರೆ ವೈದ್ಯರು ಹಂತಹಂತವಾಗಿ ಏರಿಸುತ್ತಾರೆ.

ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಮೇವಿಗೆ ಬೆನ್ನು ಹಾಕಿ ಮಂಕಾಗಿ ನಿಲ್ಲುವುದುಂಟು. ವೈದ್ಯರಿಗೆ ತಿಳಿಸಿದರೆ ಅರ್ಧಕ್ಕಿಳಿಸಿ ನಿಧಾನವಾಗಿ ಮೇಲಕ್ಕೆ ತರುತ್ತಾರೆ, ಬಹುತೇಕ ಹೊಂದಿಕೊಳ್ಳುತ್ತವೆ. ಪೋನಿ ಮೇವು ಬಿಟ್ಟರೆ ಎರಡನೇ ದಿನಕ್ಕೆ ಕಾಯಬೇಡಿ.

ಎಸಿಟಿಎಚ್ ಇಳಿದಿದೆ, ಇನ್ಸುಲಿನ್ ಇಳಿದಿಲ್ಲ

ಇದಕ್ಕೆ ಪರಿಹಾರ ಬಹುಪಾಲು ಮೇವಿನಲ್ಲಿದೆ. ಮೇವನ್ನು ಸರಿಮಾಡುವ ಮೊದಲು ಎರಡನ್ನು ತೂಗಬೇಕು, ಪೋನಿಯನ್ನು ಮತ್ತು ಹುಲ್ಲನ್ನು.

ಪೋನಿಯ ತೂಕಕ್ಕೆ ದರ್ಜಿಯ ಟೇಪು ಸಾಕು. ಹೆಗಲ ಹಿಂದೆ ಎದೆಯ ಸುತ್ತಳತೆ, ಹೆಗಲ ಮುಂತುದಿಯಿಂದ ಪೃಷ್ಠದ ತುದಿಯವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಏಪ್ರಿಲ್‌ನಲ್ಲಿ ಸೆರೆನ್‌ಳ ಸುತ್ತಳತೆ 145, ಉದ್ದ 130, ತೂಕ 230 ಕಿಲೋ ಬಂತು. ಅಂದಾಜು ಲೆಕ್ಕವೇ ಆದರೂ ವಾರವಾರವೂ ಅದೇ ಕೈ, ಅದೇ ಟೇಪು, ಅದೇ ಜಾಗ ಇದ್ದರೆ ಏರಿತೋ ಇಳಿಯಿತೋ ಗೊತ್ತಾಗುತ್ತದೆ.

ತೂಕ ಇಳಿಸಬೇಕಾದ ಪೋನಿಗೆ ದಿನಕ್ಕೆ ಮೈತೂಕದ 1.5%ರಷ್ಟು ಒಣ ಅಂಶ. 230 ಕಿಲೋಗೆ ಸುಮಾರು 3.45 ಕಿಲೋ. ಒಣಹುಲ್ಲಿನಲ್ಲೂ ಸ್ವಲ್ಪ ತೇವ ಇರುವುದರಿಂದ ತಕ್ಕಡಿಯಲ್ಲಿ ಅದು 4 ಕಿಲೋ ಹತ್ತಿರ. ಕಣ್ಣಂದಾಜಿನಲ್ಲಿ ನಾವು ಒಣಹುಲ್ಲು ತುಂಬುತ್ತಿದ್ದ ಬಲೆಚೀಲಗಳನ್ನು ಕೊಕ್ಕೆಗೆ ನೇತುಹಾಕಿ ತೂಗಿದರೆ ಒಟ್ಟು 6.2 ಕಿಲೋ ಇತ್ತು. 1.25%ಕ್ಕಿಂತ ಕೆಳಕ್ಕೆ ವೈದ್ಯರ ಕಣ್ಗಾವಲಿಲ್ಲದೆ ಇಳಿಸಬೇಡಿ.

ಒಣಹುಲ್ಲಿನ ಸಕ್ಕರೆ ಮತ್ತು ಪಿಷ್ಟ ಸೇರಿ ಒಣತೂಕದ 10-12%ರೊಳಗೆ ಇರಬೇಕು. ನೋಡಿ, ಮೂಸಿ ಇದನ್ನು ಹೇಳಲಾಗದು, ಲ್ಯಾಬ್‌ಗೆ ಕಳಿಸಬೇಕು. ಕಳಿಸಲಾಗದವರು ನೆನೆಸಿ ಕೊಡಿ. ಒಣಗಿರುವಾಗಲೇ ತೂಗಿ, ಬಲೆ ಪೂರ್ತಿ ಮುಳುಗುವಷ್ಟು ನೀರಿನಲ್ಲಿ ಹಾಕಿ. ತೆಗೆದಾಗ ಆ ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ಕೈಗೆ ಅಂಟಂಟಾಗಿರುತ್ತದೆ. ಹೋಗಬೇಕಾದ ಸಕ್ಕರೆ ಅದರಲ್ಲೇ ಇದೆ, ಪೋನಿಗೆ ಸಿಗದ ಕಡೆ ಚೆಲ್ಲಿ. ಚಳಿಗಾಲದಲ್ಲಿ ರಾತ್ರಿಯಿಡೀ ನೆನೆಸಬಹುದು. ಬೇಸಿಗೆಯಲ್ಲಿ ಅಷ್ಟು ಹೊತ್ತು ಬಿಟ್ಟರೆ ಹುಳಿ ಬರುತ್ತದೆ, ಒಂದು ಗಂಟೆ ಸಾಕು. ಹಬೆ ಹಾಯಿಸಿದರೆ ಧೂಳು ಅಡಗುತ್ತದೆ ಹೊರತು ಸಕ್ಕರೆ ಹೋಗುವುದಿಲ್ಲ. ನೆನೆಸಿದ ಹುಲ್ಲಿನಿಂದ ಖನಿಜವೂ ತೊಳೆದುಹೋಗುವುದರಿಂದ ಪಿಷ್ಟ ಕಡಿಮೆ ಇರುವ ಖನಿಜ-ವಿಟಮಿನ್ ಪೂರಕ, ವಿಟಮಿನ್ ಇ ಬೇಕೇ ಬೇಕು.

ಹಸಿರು ಹುಲ್ಲಿನ ವಿಷಯ ಇದಕ್ಕಿಂತ ಕಷ್ಟ. ಬಿಸಿಲಿದ್ದಷ್ಟು ಹೊತ್ತು ಹುಲ್ಲು ಸಕ್ಕರೆ ಕೂಡಿಸುತ್ತದೆ, ರಾತ್ರಿ ಬೆಳೆಯುತ್ತ ಅದನ್ನು ಖರ್ಚು ಮಾಡುತ್ತದೆ. ಆದ್ದರಿಂದ ನಸುಕಿನಲ್ಲಿ ಕಡಿಮೆ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಹೆಚ್ಚು. ಆದರೆ ರಾತ್ರಿಯ ಚಳಿ 5 ಡಿಗ್ರಿಗಿಂತ ಕೆಳಗಿಳಿದರೆ ಹುಲ್ಲು ಬೆಳೆಯುವುದೇ ಇಲ್ಲ, ಹಗಲಿನ ಸಕ್ಕರೆ ಅಲ್ಲೇ ಉಳಿಯುತ್ತದೆ. ಇಬ್ಬನಿ ಹೆಪ್ಪುಗಟ್ಟಿ, ಮೇಲೆ ಹೊಳೆಯುವ ಬಿಸಿಲು ಬಿದ್ದ ಬೆಳಿಗ್ಗೆ ನೋಡಲು ಚೆಂದ, ಇಂಥ ಪೋನಿಗೆ ಅದೇ ಅತಿ ಅಪಾಯದ ಬೆಳಿಗ್ಗೆ. ಏಪ್ರಿಲ್‌ನ ಆ ವಾರ ಇಲ್ಲಿ ಮೂರು ದಿನ ಸತತವಾಗಿ ಹಾಗೇ ಇತ್ತು. ಬೋಳಾಗಿ ಮೇಯ್ದ ನೆಲ ಸುರಕ್ಷಿತ ಎಂಬ ಮಾತನ್ನೂ ನಂಬಬೇಡಿ. ಕಷ್ಟಕ್ಕೆ ಸಿಕ್ಕ ಗಿಡ್ಡ ಹುಲ್ಲಿನಲ್ಲೂ ಸಕ್ಕರೆ ಇರುತ್ತದೆ.

ಒಕ್ಕಣೆಯ ಹೊತ್ತಿನಲ್ಲಿ ಎತ್ತಿನ ಬಾಯಿಗೆ ಹಾಕುವ ಕುಕ್ಕೆ ನೆನಪಿದೆಯೇ? ಇಲ್ಲಿ ಪೋನಿಗೂ ಅಂಥದ್ದೇ ಬಾಯಿಕುಕ್ಕೆ ಸಿಗುತ್ತದೆ, ತಳದಲ್ಲಿ ಒಂದು ಸಣ್ಣ ಕಂಡಿ. ಅದರಿಂದ ಮೇಯುವುದು ಐದರಲ್ಲಿ ಒಂದು ಪಾಲಿನಷ್ಟಕ್ಕೂ ಇಳಿಯಬಹುದು. ಕುಕ್ಕೆಯಿಲ್ಲದೆ ಮೂರೇ ಗಂಟೆ ಬಿಡುತ್ತೇನೆ ಎಂದರೆ ಆ ಮೂರು ಗಂಟೆಯಲ್ಲಿ ಬಾಯಾಡಿಸುವ ವೇಗವೇ ಬೇರೆ, ಪೋನಿಗಳು ಸಮಯ ಕಲಿಯುತ್ತವೆ. ಇನ್ಸುಲಿನ್ 50ರ ಮೇಲಿರುವ ತನಕ ಮಾತ್ರ ಕುಕ್ಕೆ ಹಾಕಿಯೂ ಹಸಿರಿಗೆ ಬಿಡದಿರುವುದೇ ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾವು ಹೊಲದ ಅಂಚಿನ ಸುತ್ತ ಹುಲ್ಲು ತೆಗೆದು, ಜಲ್ಲಿ ಹಾಕಿ, ಎರಡು ಬೇಲಿಯ ನಡುವೆ ಓಣಿ ಮಾಡಿದೆವು. ಹುಲ್ಲಿನ ಬಲೆಗಳನ್ನು ದೂರದೂರಕ್ಕೆ ಕಟ್ಟಿದರೆ ತಾನಾಗಿಯೇ ನಡೆಯುತ್ತಾಳೆ. ಪಾದ ವಾಸಿಯಾದ ಮೇಲೆ ನಡಿಗೆಯಿಂದಲೂ ಇನ್ಸುಲಿನ್ ಇಳಿಯುತ್ತದೆ.

ಎಲ್ಲ ಮಾಡಿಯೂ ತೂಕ ಇಳಿಯದಿದ್ದರೆ ಮತ್ಯಾರು ತಿನ್ನಿಸುತ್ತಿದ್ದಾರೆ ವಿಚಾರಿಸಿ. ಬೇಲಿಯಾಚೆ ನಡೆದು ಹೋಗುವವರ ಸೇಬು, ಕ್ಯಾರೆಟ್ಟು ಇರಬಹುದು. ನಮ್ಮಲ್ಲಿ ಬೆಲ್ಲ. ಅಮ್ಮ ಊರಿನಿಂದ ತಂದ ಅಚ್ಚುಬೆಲ್ಲದ ಚೂರನ್ನು ದಿನಾ ಸಂಜೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಬೆಲ್ಲ ಹುರುಳಿ ತಿಂದೇ ಕುದುರೆ ಗಟ್ಟಿಯಾಗುವುದನ್ನು ನೋಡಿ ಬೆಳೆದವರು ಅವರು, ಅದರಲ್ಲಿ ಪ್ರೀತಿಯ ಹೊರತು ಏನಿತ್ತು? ಹೇಳಿದ ಮೇಲೆ ಅವರೇ ಡಬ್ಬಿಯನ್ನು ಒಳಗಿಟ್ಟರು. "ನಂಗೂ ಬೇಡ, ಚುಕ್ಕೀಗೂ ಬೇಡ" ಎಂದರು. ಈಗ ಊರಿಂದ ಫೋನ್ ಮಾಡಿದಾಗಲೆಲ್ಲ ಸೌತೆಕಾಯಿ ಕೊಟ್ಟೆಯಾ ಎಂದು ಕೇಳುತ್ತಾರೆ.

ಬೆನ್ನು ಸೊರಗಿದೆ, ಕುತ್ತಿಗೆ ಮಾತ್ರ ದಪ್ಪ

ಎರಡೂ ಕಾಯಿಲೆ ಇರುವ ಪೋನಿಯ ನಿಜವಾದ ಇಕ್ಕಟ್ಟು ಇದು. ಪಕ್ಕೆಲುಬು ಕಾಣುತ್ತಿದೆ ಎಂದು ಕಾಳು, ತವುಡು, ಕಾಕಂಬಿ ಸೇರಿದ ತಿಂಡಿ ಕೊಟ್ಟರೆ ಇನ್ಸುಲಿನ್ ಏರುತ್ತದೆ. ಕುತ್ತಿಗೆ ನೋಡಿ ಮೇವು ಕಡಿದರೆ ಇರುವ ಸ್ನಾಯುವೂ ಹೋಗುತ್ತದೆ. ಮೊದಲು ಹಲ್ಲು ನೋಡಿಸಿ, ಲದ್ದಿಯಲ್ಲಿ ಹುಳದ ಮೊಟ್ಟೆ ಎಣಿಸಿ. ಸ್ನಾಯು ಇಳಿದದ್ದಕ್ಕೆ ಪಿಪಿಐಡಿಯೇ ಕಾರಣವಾದರೆ ಮಾತ್ರೆಯ ಪ್ರಮಾಣ ಸರಿಯಾಗದೆ ತಿಂಡಿಯಿಂದ ತುಂಬಲಾಗದು. ಶಕ್ತಿಗೆ ಕಾಕಂಬಿ ಸೇರಿಸದ ಬೀಟ್ ತಿರುಳನ್ನು ನೆನೆಸಿ ಹಿಂಡಿ ಕೊಡಬಹುದು. ಸ್ನಾಯುವಿಗೆ ಒಳ್ಳೆಯ ಪ್ರೋಟೀನ್ ಬೇಕು.

ಗೊರಸು ಮತ್ತು ಎಕ್ಸ್‌ರೇ

ಪಕ್ಕದಿಂದ ತೆಗೆದ ಎಕ್ಸ್‌ರೇ ಇಲ್ಲದೆ ಲಾಳದವರು ಕತ್ತಲಲ್ಲಿ ಕೆಲಸ ಮಾಡಿದಂತೆ. ಮೂಳೆ ಎಷ್ಟು ತಿರುಗಿದೆ, ಅಂಗಾಲು ಎಷ್ಟು ದಪ್ಪ ಉಳಿದಿದೆ ಎಂಬುದನ್ನು ವೈದ್ಯರೂ ಲಾಳದವರೂ ಒಟ್ಟಿಗೆ ನೋಡಲಿ. ಅಲ್ಲಿಂದ ಐದಾರು ವಾರಕ್ಕೊಮ್ಮೆ ಕೆತ್ತನೆ, ಮುಂದೂಡುವಂತಿಲ್ಲ.

ಮೇವು ಸರಿಯಿದ್ದೂ ಇಳಿಯದಿದ್ದರೆ

ಮೆಟ್‌ಫಾರ್ಮಿನ್ ಕುದುರೆಯ ಕರುಳಿನಿಂದ ರಕ್ತಕ್ಕೆ ಸೇರುವುದೇ ಬಹಳ ಕಡಿಮೆ, ಕೆಲವಕ್ಕೆ ಮಾತ್ರ ಅಷ್ಟಿಷ್ಟು ಉಪಯೋಗ. ಈಚೆಗೆ ವೈದ್ಯರು ಎರ್ಟುಗ್ಲಿಫ್ಲೋಜಿನ್‌ನಂಥ ಔಷಧಿ ಬಳಸುತ್ತಿದ್ದಾರೆ. ಮನುಷ್ಯರ ಸಕ್ಕರೆ ಕಾಯಿಲೆಯ ಮಾತ್ರೆಯೇ ಅದು, ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ ಇನ್ಸುಲಿನ್ ಇಳಿಸುತ್ತದೆ. ನೀರು ಹೆಚ್ಚು ಕುಡಿಯುತ್ತವೆ, ರಕ್ತದ ಕೊಬ್ಬು ಏರಬಹುದು. ಆದ್ದರಿಂದ ಟ್ರೈಗ್ಲಿಸರೈಡ್ ಪರೀಕ್ಷೆ ತಪ್ಪಿಸುವಂತಿಲ್ಲ, ಈ ಔಷಧಿ ನಡೆಯುವಾಗ ಮೇವು ಕಡಿಯುವಂತೆಯೂ ಇಲ್ಲ. ಸ್ಟಿರಾಯ್ಡ್‌ನಿಂದಲೂ ಇನ್ಸುಲಿನ್ ಏರಬಹುದು, ಬೇರೆ ತೊಂದರೆಗೆಂದು ಯಾರಾದರೂ ಅದನ್ನು ಬರೆದರೆ ಪೋನಿಗೆ ಇರುವ ಎರಡೂ ಕಾಯಿಲೆ ಹೇಳಿಬಿಡಿ.

ಪುಸ್ತಕದಲ್ಲಿ ಬರೆದದ್ದು

ಲಾಯದ ಬಾಗಿಲಿಗೆ ಒಂದು ನೋಟುಪುಸ್ತಕ ನೇತುಹಾಕಿದ್ದೇವೆ. ದಿನಾ ನಾಡಿ, ಮಾತ್ರೆ, ಹುಲ್ಲಿನ ತೂಕ. ಭಾನುವಾರ ಟೇಪಿನ ಅಳತೆ, ಕುತ್ತಿಗೆ ಬಿಗಿಯೋ ಮೆತ್ತಗೋ. ವೈದ್ಯರು ಬಂದಾಗ ಮೊದಲು ಕೇಳುವುದು ಅದನ್ನೇ. ಈ ಭಾನುವಾರ, ಆಗಸ್ಟ್ ಮೊದಲ ವಾರ, ಮಗಳು ಬರೆದದ್ದು ಹೀಗಿದೆ: ಸುತ್ತಳತೆ 138. ಕುತ್ತಿಗೆ ಬಾಗುತ್ತದೆ. ನಾಡಿ ಹುಡುಕಬೇಕಾಯಿತು. ಮುಂಗಾಲಿನ ಗೊರಸಿನಲ್ಲಿ ಮೇಲಿನಿಂದ ಎರಡೂವರೆ ಸೆಂಟಿಮೀಟರ್ ಹೊಸದು, ನೇರವಾಗಿ ಇಳಿದಿದೆ, ಉಂಗುರವಿಲ್ಲ.

ಜುಲೈನಲ್ಲಿ ಇನ್ಸುಲಿನ್ 31 ಇತ್ತು. ಎಸಿಟಿಎಚ್ ಏರುವ ಕಾಲ ಇನ್ನೇನು ಶುರುವಾಗುತ್ತದೆ. ಎರಡೂ ಪರೀಕ್ಷೆಗೆ ಒಟ್ಟಿಗೆ, ಒಂದೇ ಬೆಳಿಗ್ಗೆ, ಒಣಹುಲ್ಲು ತಿಂದ ಮೇಲೆ ರಕ್ತ ತೆಗೆಯಲು ಈ ತಿಂಗಳ ಮೂರನೇ ವಾರಕ್ಕೆ ವೈದ್ಯರಿಗೆ ಹೇಳಿದ್ದೇವೆ.